ಹನುಮಂತಮ್ಮನ ಎಡೆಗೆ ಬೆಣ್ಣೆ ಆಲೂಗಡ್ಡೆ

ರಂಗಯ್ಯನಿಗೆ ಅಡುಗೆ ಕಲಿಯುವ ಹುಕಿ ಬಂದದ್ದು ಅರವತ್ತನಾಲ್ಕನೇ ವಯಸ್ಸಿನಲ್ಲಿ. ಅನ್ನ, ಸಾರು, ಮುದ್ದೆ ಯಾವುದೂ ಅಲ್ಲ, ಕಲಿತರೆ ಒಂದೇ ಒಂದು ಪದಾರ್ಥ ಕಲಿಯಬೇಕು ಎಂದು ಹಟ ಹಿಡಿದ. ಬೆಣ್ಣೆಯಲ್ಲಿ ಕೆಂಪಗೆ ಸುಟ್ಟ ಆಲೂಗಡ್ಡೆ. ಅಮ್ಮಸಂದ್ರದ ಸಿಮೆಂಟ್ ಫ್ಯಾಕ್ಟರಿಯಲ್ಲಿ ಮೂವತ್ತೊಂದು ವರ್ಷ ಮೂಟೆ ತುಂಬುವ ಮೆಷಿನ್ನಿನ ಮುಂದೆ ನಿಂತು ನಿವೃತ್ತನಾದ ಈ ಮನುಷ್ಯ ಅಲ್ಲಿಯವರೆಗೆ ಒಲೆಯ ಮುಂದೆ ಕೂತಿದ್ದರೆ ಅದು ಚಳಿ ಕಾಯಿಸಿಕೊಳ್ಳಲು. ನೀರು ಕುಡಿಯಬೇಕಾದರೆ ಚೊಂಬು ಎಲ್ಲಿದೆ ಎಂದು ಹೆಂಡತಿಯನ್ನು ಕೇಳುವವನು. ಚೊಂಬು ಮೊಣಕಾಲಿನ ಪಕ್ಕದಲ್ಲೇ ಇದ್ದರೂ ಕೇಳುವವನು.

ಆ ಹೆಂಡತಿ ಹನುಮಂತಮ್ಮ ಹೋದ ವರ್ಷ ಆಷಾಢದಲ್ಲಿ ತೀರಿಕೊಂಡಿದ್ದಳು. ಹಿತ್ತಲಲ್ಲಿ ಬಿದ್ದ ತೆಂಗಿನ ಗರಿ ಎಳೆದು ಒಟ್ಟುತ್ತಿದ್ದವಳು ತಲೆ ಸುತ್ತುತ್ತದೆ ಎಂದು ಕೂತಳು. ತಿಪಟೂರಿನ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದುಹೋಗಿತ್ತು. ಮಗಳು ಮಧುಶ್ರೀ ಮತ್ತು ಅಳಿಯ ರವಿಕಿರಣ್ ತುರುವೇಕೆರೆಯ ಬಾಡಿಗೆ ಮನೆ ಬಿಟ್ಟು ಬಂದು ರಂಗಯ್ಯನ ಜೊತೆಗೇ ಇದ್ದರು. ಅಳಿಯ ಬೋರ್‌ವೆಲ್ ಮೋಟರಿಗೆ ವೈಂಡಿಂಗ್ ಮಾಡುವ ಅಂಗಡಿ ಇಟ್ಟಿದ್ದ. ಮಗಳು ಬೆಳಿಗ್ಗೆ ಎದ್ದು ತಿಂಡಿ, ಅಡುಗೆ ಎಲ್ಲ ಮುಗಿಸಿ, ತುರುವೇಕೆರೆಯ ಔಷಧಿ ಅಂಗಡಿಗೆ ಕೆಲಸಕ್ಕೆ ಹೋಗಿ ಸಂಜೆ ಬಂದು ಮತ್ತೆ ಅಡುಗೆ ಮಾಡುತ್ತಿದ್ದಳು. ರಂಗಯ್ಯನ ತಟ್ಟೆ ಮೊದಲಿನ ಹಾಗೆಯೇ ಹೊತ್ತುಹೊತ್ತಿಗೆ ಮುಂದೆ ಬರುತ್ತಿತ್ತು.

ವರ್ಷದ ಕಾರ್ಯ ಮುಗಿದ ಮೇಲೆ ಬಂದ ಮೊದಲ ಪಿತೃಪಕ್ಷ ಅದು. ಆ ಮನೆತನದಲ್ಲಿ ಮಹಾಲಯ ಅಮಾವಾಸ್ಯೆಯ ದಿನ ತೀರಿಕೊಂಡ ಹಿರಿಯರಿಗೆಲ್ಲ ಎಡೆ ಇಡುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಬಾಳೆಲೆ. ಎಲ್ಲರ ಎಲೆಗೂ ಕಡುಬು, ವಡೆ, ಪಾಯಸ, ಅನ್ನ, ಸಾರು ಇದ್ದದ್ದೇ. ಅದರ ಜೊತೆಗೆ ಬದುಕಿದ್ದಾಗ ಅವರವರಿಗೆ ಯಾವುದು ಪ್ರಾಣವಾಗಿತ್ತೋ ಅದನ್ನು ತಪ್ಪದೆ ಇಡಬೇಕು. ರಂಗಯ್ಯನ ಅಪ್ಪನ ಎಲೆಗೆ ಹುರುಳಿಕಾಳಿನ ಬಸ್ಸಾರು ಮತ್ತು ಒಂದು ಕಟ್ಟು ಬೀಡಿ. ಅಜ್ಜಿಗೆ ಎಲೆಯಡಿಕೆ, ಸುಣ್ಣ ಸ್ವಲ್ಪ ಜಾಸ್ತಿ. ಚಿಕ್ಕಪ್ಪ ಕೆಂಚಯ್ಯನ ಎಲೆಯ ಪಕ್ಕದಲ್ಲಿ ಒಂದು ಕ್ವಾರ್ಟರ್ ಬಾಟಲಿ, ಮುಚ್ಚಳ ತೆಗೆದಿರಬೇಕು. ಎಲ್ಲ ಇಟ್ಟು, ಸಾಂಬ್ರಾಣಿ ಹೊಗೆ ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ಮನೆಯವರೆಲ್ಲ ಹೊರಗೆ ಜಗಲಿಯ ಮೇಲೆ ಕೂರುತ್ತಾರೆ. ಒಳಗೆ ಹಿರಿಯರು ಬಂದು ಉಣ್ಣುತ್ತಾರೆ. ಇಷ್ಟವಾದದ್ದು ಎಲೆಯಲ್ಲಿ ಕಾಣದಿದ್ದರೆ ಮುಟ್ಟದೆ, ಹಸಿದುಕೊಂಡೇ ಎದ್ದು ಹೋಗುತ್ತಾರೆ.

ಇದನ್ನೆಲ್ಲ ರಂಗಯ್ಯ ಪೂರ್ತಿ ನಂಬಿದ್ದನೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ. ಆದರೆ ಹನುಮಂತಮ್ಮ ಹಸಿದುಕೊಂಡು ಎದ್ದು ಹೋಗುವುದನ್ನು ನೆನೆಸಿಕೊಂಡರೆ ಅವನಿಗೆ ತಡೆಯಲಾಗದಷ್ಟು ಸಂಕಟವಾಗುತ್ತಿತ್ತು. ಮೂವತ್ತೆಂಟು ವರ್ಷ ಅವಳು ಬಡಿಸಿದಳು, ಇವನು ಉಂಡ. ಒಂದು ಸಲವಾದರೂ ಇವನು ಬಡಿಸಿ ಅವಳು ಉಣ್ಣಬೇಕು. ಅಮಾವಾಸ್ಯೆಗೆ ಹದಿನೈದು ದಿನ ಇರುವಾಗಲೇ ಇದೊಂದು ಅವನ ತಲೆಯಲ್ಲಿ ಕೂತುಬಿಟ್ಟಿತ್ತು.

"ಅಮ್ಮನ ಎಡೆಗೆ ಏನಪ್ಪ ಮಾಡೋದು?" ಎಂದು ಮಧುಶ್ರೀ ಕೇಳಿದಾಗ ರಂಗಯ್ಯ ಕಣ್ಣು ಮಿಟುಕಿಸುವಷ್ಟು ಹೊತ್ತೂ ಯೋಚಿಸಲಿಲ್ಲ.

"ಬೆಣ್ಣೆ ಆಲೂಗಡ್ಡೆ. ಅವ್ಳಿಗೆ ಅದಂದ್ರೆ ಪ್ರಾಣ. ನೀನು ಕೈ ಹಾಕ್ಬೇಡ, ನಾನೇ ಮಾಡ್ತೀನಿ."

ಮಧುಶ್ರೀ ಮೊದಲು ನಕ್ಕಳು. ಅಪ್ಪನ ಮುಖ ನೋಡಿ ನಗು ನಿಲ್ಲಿಸಿದಳು.

ಬೆಣ್ಣೆ ಆಲೂಗಡ್ಡೆ ಆ ಮನೆಗೆ ಹೊಸದೇನಲ್ಲ. ವಾರದಲ್ಲಿ ಎರಡು ದಿನವಾದರೂ ಮುದ್ದೆಯ ಮಗ್ಗುಲಲ್ಲಿ ಅದು ಇರುತ್ತಿತ್ತು. ನಿಂಬೆಹಣ್ಣಿನ ಗಾತ್ರದ ಗಡ್ಡೆಗಳು, ಮೇಲೆಲ್ಲ ಕೆಂಪಗೆ ಗರಿಗರಿ, ಮುರಿದರೆ ಒಳಗೆ ಬಿಳಿ ಹಿಟ್ಟಿನ ಹಾಗೆ ಮೆತ್ತಗೆ. ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಹತ್ತಿರ ಬೈಸಿಕೊಂಡು ಬಂದ ದಿನ, ಎರಡನೇ ಶಿಫ್ಟ್ ಮುಗಿಸಿ ಮೈಯೆಲ್ಲ ಸಿಮೆಂಟು ಮೆತ್ತಿಕೊಂಡು ಬಂದ ದಿನ, ಅವ್ವನನ್ನು ಮಣ್ಣು ಮಾಡಿದ ವಾರದಲ್ಲಿ ಏನೂ ಸೇರದೆ ಕೂತಿದ್ದ ದಿನ, ಹನುಮಂತಮ್ಮ ಏನೂ ಹೇಳದೆ ತಂದು ಇಡುತ್ತಿದ್ದದ್ದು ಅದನ್ನೇ. ಬಾಯಿಗೆ ಇಟ್ಟ ಕೂಡಲೇ ಮನುಷ್ಯನಿಗೆ ಅರ್ಧ ಸಮಾಧಾನ. ಅವಳು ಬಗ್ಗಿ ಬಡಿಸುವಾಗ ಒಂದು ಘಮ ಬರುತ್ತಿತ್ತು. ಅದು ಅವಳು ಮುಡಿದ ಹೂವಿನದು ಎಂದು ಇವನು ತಿಳಿದುಕೊಂಡಿದ್ದ. ಇಷ್ಟು ಸಲ, ಇಷ್ಟು ಮುತುವರ್ಜಿಯಿಂದ ಮಾಡುತ್ತಿದ್ದಳೆಂದರೆ ಅವಳಿಗೂ ಅದು ಬಲು ಇಷ್ಟವಿರಬೇಕು ಎನ್ನುವುದರಲ್ಲಿ ರಂಗಯ್ಯನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಹಾಸನದ ಆಲೂಗಡ್ಡೆ ಎರಡು ಕೆಜಿ ತಂದು ಮಾರನೆಯ ದಿನವೇ ಶುರುಮಾಡಿದ. ಮೊದಲ ದಿನ ಕುಕ್ಕರಿನಲ್ಲಿ ಐದು ಸೀಟಿ ಕೂಗಿಸಿದ. ಆಲೂಗಡ್ಡೆ ಕರಗಿ ಗೊಜ್ಜಾಯಿತು. ಎರಡನೇ ದಿನ ಬೇಯಿಸದೆ ಹಸಿಯದನ್ನೇ ಬೆಣ್ಣೆಗೆ ಹಾಕಿದ. ಬೆಣ್ಣೆ ಕರ್ರಗಾಗಿ ಹೊಗೆ ಎದ್ದು, ಮೇಲೆ ಸೀದು, ಒಳಗೆ ಹಲ್ಲಿಗೆ ಕಟಕಟ ಅಂದಿತು. ಮೂರನೇ ದಿನದ ಹೊತ್ತಿಗೆ ಬೇಯಿಸುವುದು ಹುರಿಯುವುದು ಒಂದು ದಾರಿಗೆ ಬಂತು, ಆದರೆ ಘಮ ಬರಲಿಲ್ಲ. ಕೊತ್ತಂಬರಿ ಹಾಕಿ ನೋಡಿದ, ಮದುವೆ ಮನೆಯ ಪಲ್ಯವಾಯಿತು. ಪುದಿನ ಹಾಕಿದ, ಪಲಾವಿನ ವಾಸನೆ ಬಂತು. ದೊಡ್ಡಪತ್ರೆ ಹಾಕಿದ ದಿನವಂತೂ ಇಡೀ ಮನೆ ಕೆಮ್ಮಿಗೆ ಕಷಾಯ ಕಾಯಿಸಿದ ಹಾಗೆ ಆಯಿತು.

ಇವನ್ನೆಲ್ಲ ತಿನ್ನುವ ಕರ್ಮ ಅಳಿಯನದಾಗಿತ್ತು. ರವಿಕಿರಣ್ ಒಳ್ಳೆಯ ಹುಡುಗ, ಮಾವನ ಎದುರು ಮುಖ ಕಿವುಚುವ ಜಾಯಮಾನದವನಲ್ಲ.

"ಚೆನ್ನಾಗೈತೆ ಮಾವ," ಎಂದ, ದೊಡ್ಡಪತ್ರೆಯ ದಿನವೂ.

"ಸುಳ್ ಹೇಳ್ಬೇಡ ಕಣಪ್ಪ. ನಾಯಿ ಕೂಡ ಮೂಸಿ ಹೋಯ್ತು," ಎಂದ ರಂಗಯ್ಯ.

ಅಡುಗೆಮನೆ ಬಾಗಿಲಿಗೆ ಒರಗಿ ನೋಡುತ್ತಿದ್ದ ಮಧುಶ್ರೀ ಆಗ ಒಂದು ಮಾತು ಹೇಳಿದಳು. "ಅಮ್ಮ ಇದನ್ನ ಕಲ್ತಿದ್ದು ಗೆಸ್ಟ್ ಹೌಸಲ್ಲಿ ಅಲ್ವೇನಪ್ಪ? ಇನಾಯತ್ ಸಾಬ್ರು ಹೇಳ್ಕೊಟ್ಟಿದ್ದು ಅಂತಿದ್ಲು."

ರಂಗಯ್ಯ ಸೌಟು ಹಿಡಿದುಕೊಂಡೇ ತಿರುಗಿದ. ಮಗಳು ಸ್ಕೂಲಿಗೆ ಹೋಗುವ ಕಾಲದಲ್ಲಿ ಹನುಮಂತಮ್ಮ ಫ್ಯಾಕ್ಟರಿಯ ಗೆಸ್ಟ್ ಹೌಸಿಗೆ ಆರು ವರ್ಷ ಕೆಲಸಕ್ಕೆ ಹೋಗುತ್ತಿದ್ದದ್ದು ಅವನಿಗೆ ಗೊತ್ತಿತ್ತು. ಹೋಗುವುದು ಬರುವುದು ಗೊತ್ತಿತ್ತು, ಅಷ್ಟೇ.

"ಅಲ್ಲಿ ಪಾತ್ರೆ ತೊಳೀತಿದ್ಲು ಅಲ್ವಾ?"

"ಅದು ಮೊದಲನೇ ವರ್ಷ. ಆಮೇಲೆ ಐದು ವರ್ಷ ಅಡುಗೇನೇ ಮಾಡ್ತಿದ್ಲಪ್ಪ. ಆಫೀಸರುಗಳೆಲ್ಲ ಇವಳ ಕೈಯೂಟನೇ ಉಣ್ತಿದ್ರು. ನಿಂಗೆ ಗೊತ್ತಿಲ್ವಾ?"

ರಂಗಯ್ಯ ತಿರುಗಿ ಒಲೆ ಆರಿಸಿದ. ಹೆಂಡತಿಗೆ ಬಡ್ತಿ ಸಿಕ್ಕ ಸುದ್ದಿ ಗಂಡನಿಗೆ ಮುಟ್ಟಲು ಇಪ್ಪತ್ತು ಚಿಲ್ಲರೆ ವರ್ಷ ಹಿಡಿದಿತ್ತು. ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಮೊಪೆಡ್ ತೆಗೆದು ತುರುವೇಕೆರೆಯ ದಾರಿ ಹಿಡಿದ.

ಇನಾಯತುಲ್ಲಾ ಗೆಸ್ಟ್ ಹೌಸಿನ ಅಡುಗೆ ಕೆಲಸದಿಂದ ಬಿಡುಗಡೆಯಾದ ಮೇಲೆ ತುರುವೇಕೆರೆಯಲ್ಲಿ ಸಣ್ಣದೊಂದು ಬೇಕರಿ ಇಟ್ಟಿದ್ದರು. ಈಗ ಎಪ್ಪತ್ತು ದಾಟಿ ಅವರಿಗೆ ಮಂಡಿನೋವು ಹಿಡಿದಿದ್ದರಿಂದ ಗಲ್ಲಾದ ಮೇಲೆ ಮಗಳು ಇಕ್ರಾ ಕೂರುತ್ತಿದ್ದಳು. ಸಾಬರು ಹಿಂದೆ ಭಟ್ಟಿಯ ಪಕ್ಕದ ಸ್ಟೂಲಿನ ಮೇಲೆ ಕೂತು ಯಾರ ಕೆಲಸ ಸರಿಯಿಲ್ಲ ಎಂದು ನೋಡುತ್ತಿರುತ್ತಿದ್ದರು. ರಂಗಯ್ಯನನ್ನು ಕಂಡ ತಕ್ಷಣ ಎದ್ದು ನಿಲ್ಲಲು ಹೋಗಿ ಮಂಡಿ ಹಿಡಿದುಕೊಂಡು ಕೂತರು.

"ಬನ್ನಿ ರಂಗಣ್ಣ. ಹನುಮಕ್ಕ ಹೋದ್ರು ಅಂತ ತಿಳೀತು, ನಂಗೆ ಬರೋಕ್ಕಾಗ್ಲಿಲ್ಲ. ಈ ಕಾಲು ನೋಡಿ."

ಕುಶಲವೆಲ್ಲ ಆಯಿತು. ಟೀ ಬಂತು. ಬಂದ ಕೆಲಸ ಹೇಳುವಾಗ ರಂಗಯ್ಯನಿಗೆ ನಾಚಿಕೆಯಾಯಿತು. ಸತ್ತ ಹೆಂಡತಿಗೆ ಬಡಿಸಬೇಕು, ಅದಕ್ಕೆ ಅಡುಗೆ ಹೇಳಿಕೊಡಿ ಎಂದರೆ ಈ ವಯಸ್ಸಾದ ಮನುಷ್ಯ ಏನೆಂದುಕೊಂಡಾರು. ಎಡೆ ಗಿಡೆ ಎಂದು ಅವರಿಗೆ ಬಿಡಿಸಿ ಹೇಳುವುದೂ ಕಷ್ಟ. ಆದ್ದರಿಂದ ಒಂದು ಸುಳ್ಳು ಹೇಳಿದ.

"ನಾಲಿಗೆ ಸತ್ತೋಗೈತೆ ಸಾಬ್ರೇ. ಅವ್ಳು ಮಾಡ್ತಿದ್ದ ಬೆಣ್ಣೆ ಆಲೂಗಡ್ಡೆ ತಿನ್ಬೇಕು ಅನ್ಸೈತೆ. ನಂಗೇ ತಿನ್ನಾಕೆ."

ಈ ಸುಳ್ಳೊಂದು ಹೇಳದಿದ್ದರೆ ಮುಂದಿನದೆಲ್ಲ ಆಗುತ್ತಲೇ ಇರಲಿಲ್ಲ. ಸಾಬರು ಹೇಳಬೇಕಾದದ್ದನ್ನು ಅಲ್ಲೇ ಹೇಳಿಬಿಡುತ್ತಿದ್ದರು. ಆದರೆ ಅವರಿಗೆ ಕೇಳಿದ್ದು ಒಬ್ಬ ಹಸಿದ ವಿಧುರನ ಮಾತು. ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡರು.

"ಸಣ್ಣ ಗಡ್ಡೆ ಆರಿಸ್ಕೊಳ್ಳಿ. ಸಿಪ್ಪೆ ತೆಗೀರಿ. ಉಪ್ಪು ನೀರಲ್ಲಿ ಮುಕ್ಕಾಲು ಬೇಯ್ಲಿ, ಚಾಕು ಚುಚ್ಚಿದ್ರೆ ನಡುವೆ ತಡೀಬೇಕು. ನೀರೆಲ್ಲ ಬಸಿದ್ಬಿಟ್ಟು, ಪಾತ್ರೆಗೆ ಮುಚ್ಚಳ ಹಾಕಿ, ಎರಡೂ ಕೈಯಲ್ಲಿ ಹಿಡ್ಕೊಂಡು ಅಲ್ಲಾಡ್ಸಿ. ಹೆಂಗೆ? ಕೊಬ್ಬರಿ ಒಣಗಿದ್ಯಾ ಅಂತ ಕಾಯಿ ಅಲ್ಲಾಡಿಸಿ ನೋಡ್ತೀರಲ್ಲ, ಹಂಗೆ. ಗಡ್ಡೆ ಒಂದಕ್ಕೊಂದು ತಾಕಿ ಮೈಯೆಲ್ಲ ತರಿತರಿ ಆಗ್ಬೇಕು. ಆ ತರಿಗೇ ಬೆಣ್ಣೆ ಹಿಡಿಯೋದು, ಆ ತರೀನೇ ಗರಿಗರಿ ಆಗೋದು."

"ಬೆಣ್ಣೆ ಕರ್ರಗಾಯ್ತದಲ್ಲ ಸಾಬ್ರೇ."

"ಎಲ್ಲಾ ಒಂದೇ ಸಲ ಹಾಕಿದ್ರೆ ಆಗದೇ ಇನ್ನೇನು? ಮೊದ್ಲು ಸ್ವಲ್ಪ ಹಾಕಿ ಹೊರಳಾಡ್ಸಿ. ಇಳಿಸೋ ಮುಂಚೆ ಮಿಕ್ಕಿದ್ದು ಹಾಕಿ. ನಾವು ಗೆಸ್ಟ್ ಹೌಸಲ್ಲಿ ಓವನ್ನಲ್ಲಿ ಇಡ್ತಿದ್ವಿ. ಮನೇಲಿ ಹೆಂಗ್ ಮಾಡ್ತೀಯ ಹನುಮಕ್ಕ ಅಂತ ಕೇಳಿದ್ದೆ. ಕಬ್ಬಿಣದ ಬಾಣಲೆಗೆ ಮುಚ್ಚಳ ಹಾಕಿ ಮೇಲೊಂದಷ್ಟು ತೆಂಗಿನ ಚಿಪ್ಪಿನ ಕೆಂಡ ಹಾಕ್ತೀನಿ ಅಂದ್ರು. ಮೇಲೂ ಕೆಂಡ, ಕೆಳಗೂ ಕೆಂಡ. ಶಭಾಷ್ ಅಂದೆ."

"ಘಮಕ್ಕೆ ಏನು ಹಾಕ್ತಿದ್ಲು?"

ಇನಾಯತುಲ್ಲಾ ನಕ್ಕರು. ಗೆಸ್ಟ್ ಹೌಸಿಗೆ ಆಫೀಸರೊಬ್ಬರು ಒಣಗಿದ ಸೊಪ್ಪಿನ ಬಾಟಲಿ ತಂದುಕೊಡುತ್ತಿದ್ದರಂತೆ, ಎಲ್ಲಿಯದೋ ವಿಲಾಯತಿ ಸೊಪ್ಪು. ಒಂದು ದಿನ ಊಟಕ್ಕೆ ಹನ್ನೆರಡು ಜನ ಬಂದು ಕೂತಿದ್ದಾರೆ, ಬಾಟಲಿ ಖಾಲಿ. ಸಾಬರಿಗೆ ಕೈಕಾಲು ಆಡಲಿಲ್ಲ. ಹನುಮಂತಮ್ಮ ಬಾಟಲಿಯನ್ನು ಮೂಸಿ ನೋಡಿದಳು. ಅಂದು ಬೆಳಿಗ್ಗೆ ಮುಡಿಯಲೆಂದು ತಂದ ಹೂವು ಕವರಿನಲ್ಲಿ ಹಾಗೇ ಇತ್ತು. ಅದರಿಂದ ನಾಲ್ಕು ಕುಡಿ ಮರುಗ ಕಿತ್ತು, ತೊಳೆದು, ಸಣ್ಣಗೆ ಹೆಚ್ಚಿ ಉದುರಿಸಿಬಿಟ್ಟಳು.

"ಮರುಗನಾ? ಮುಡಿಯೋ ಮರುಗನಾ?"

"ಅದೇ. ಇನ್ಮೇಲೆ ಇದೇ ಸೊಪ್ಪು ಹಾಕ್ರಿ ಅಂದ್ರು ಆಫೀಸರು. ಆ ಬಾಟ್ಲಿ ಮತ್ತೆ ಬರ್ಲೇ ಇಲ್ಲ."

ರಂಗಯ್ಯ ಟೀ ಲೋಟ ಕೆಳಗಿಟ್ಟ. ಇಷ್ಟು ವರ್ಷ ಹೆಂಡತಿಯ ತಲೆಯಲ್ಲಿದೆ ಎಂದುಕೊಂಡಿದ್ದ ಘಮ ತನ್ನ ತಟ್ಟೆಯಲ್ಲೇ ಇತ್ತು. ಅವಳು ಹೂವು ಮುಡಿಯದ ದಿನವೂ ಆ ಘಮ ಬರುತ್ತಿತ್ತಲ್ಲ ಎನ್ನುವುದು ಅವನಿಗೆ ಹೊಳೆದದ್ದು ಈಗ. ಮನೆಗೆ ಹೋಗುವಾಗ ಹೂವಿನ ಮಂಜಮ್ಮನ ಹತ್ತಿರ ಒಂದು ಹಿಡಿ ಮರುಗ ಕೇಳಿದ. ಹೂವು ಬೇಡ, ಬರೀ ಮರುಗ ಸಾಕು ಎಂದಿದ್ದಕ್ಕೆ ಆಯಮ್ಮ ಇವನನ್ನು ಮೇಲಿಂದ ಕೆಳಗೆ ನೋಡಿ ಕೊಟ್ಟಳು.

ಅಮಾವಾಸ್ಯೆಯ ದಿನ ಮಧುಶ್ರೀ ಬೆಳಕು ಹರಿಯುವ ಮೊದಲೇ ಎದ್ದು ಒಳಗಿನ ಅಡುಗೆ ಹಿಡಿದಳು. ರಂಗಯ್ಯ ಹನ್ನೊಂದು ಗಂಟೆಗೆ ಹಿತ್ತಲ ಒಲೆಯ ಮುಂದೆ ಪಂಚೆ ಎತ್ತಿಕಟ್ಟಿ ಕೂತ. ಚಿಪ್ಪು ಉರಿಸಿ ಕೆಂಡ ಮಾಡಿಕೊಂಡ. ಬೆಂದ ಗಡ್ಡೆಯ ನೀರು ಬಸಿದು, ಪಾತ್ರೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಂದೇ ಅಳತೆಯಲ್ಲಿ ದಡದಡ ಸದ್ದು ಬಂತು. ಬಾಣಲೆಗೆ ಹಾಕಿ ಮುಚ್ಚಿ, ಇಕ್ಕಳದಲ್ಲಿ ಒಂದೊಂದೇ ಕೆಂಡ ಎತ್ತಿ ಮುಚ್ಚಳದ ಮೇಲೆ ಜೋಡಿಸಿದ. ಕಾಲು ಗಂಟೆಗೊಮ್ಮೆ ತೆಗೆದು ತಿರುವಿದ. ಬೆರಳು ಎರಡು ಕಡೆ ಸುಟ್ಟುಕೊಂಡ. ಕೊನೆಯಲ್ಲಿ ಮಿಕ್ಕ ಬೆಣ್ಣೆ, ಹೆಚ್ಚಿದ ಮರುಗ ಹಾಕಿದಾಗ ಘಮ ಎದ್ದು ಹಿತ್ತಲು ದಾಟಿ ಅಡುಗೆಮನೆಗೆ ಹೋಯಿತು. ಮಧುಶ್ರೀ ಕಡುಬಿನ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಅಪ್ಪ! ಅಮ್ಮಂದೇ ವಾಸನೆ!"

ರಂಗಯ್ಯ ಬಾಣಲೆಯನ್ನು ಅವಳ ಕಡೆಗೆ ವಾಲಿಸಿ ತೋರಿಸಿದ. ಹೆಮ್ಮೆಯಿಂದ ಅವನ ಮುಖ ಕೆಂಪಗಾಗಿತ್ತು. ಜೀವಮಾನದಲ್ಲಿ ಒಂದು ಕೆಲಸ ಸರಿಯಾಗಿ ಮಾಡಿದೆ ಎಂದು ಅವನಿಗೆ ಅನ್ನಿಸಿತು. ತಾನು ಮೂವತ್ತೊಂದು ವರ್ಷ ತುಂಬಿದ ಮೂಟೆಗಳ ಬಗ್ಗೆ ಅವನಿಗೆ ಹೀಗೆ ಎಂದೂ ಅನ್ನಿಸಿರಲಿಲ್ಲ.

ಎರಡು ಗಂಟೆಯ ಹೊತ್ತಿಗೆ ನಡುಮನೆಯಲ್ಲಿ ಎಲೆ ಹಾಕಿ ಆಗಿತ್ತು. ಅಪ್ಪನದು, ಅವ್ವನದು, ಅಜ್ಜಿಯದು, ಕೆಂಚಯ್ಯನದು. ಎಲ್ಲಕ್ಕೂ ಈಚೆಗೆ ಹನುಮಂತಮ್ಮನ ಎಲೆ, ಅದರ ಮುಂದೆ ಹಸಿರು ಅಂಚಿನ ಹೊಸ ಸೀರೆ. ರಂಗಯ್ಯ ಬೇರೆ ಯಾರನ್ನೂ ಮುಟ್ಟಗೊಡದೆ ಅವಳ ಎಲೆಗೆ ತಾನೇ ಬಡಿಸಿದ. ಎಲ್ಲಕ್ಕಿಂತ ಮುಂದೆ, ಕೈಗೆ ಮೊದಲು ಸಿಗುವ ಜಾಗದಲ್ಲಿ, ಆಲೂಗಡ್ಡೆಯ ದೊಡ್ಡ ಗುಡ್ಡೆ.

ಆಗ ಹೊನ್ನವಳ್ಳಿಯಿಂದ ಚಿಕ್ಕಗಂಗಮ್ಮ ಬಂದಳು. ಹನುಮಂತಮ್ಮನ ಒಡಹುಟ್ಟಿದ ಅಕ್ಕ, ಎಪ್ಪತ್ತೈದರ ಮುದುಕಿ. ಎರಡು ಬಸ್ಸು ಬದಲಾಯಿಸಿ ಬಂದಿದ್ದರಿಂದ ಸಿಟ್ಟಿನಲ್ಲಿದ್ದಳು, ಬಸ್ಸಿಲ್ಲದೆ ಬಂದಿದ್ದರೂ ಸಿಟ್ಟಿನಲ್ಲೇ ಇರುತ್ತಿದ್ದಳು. ಕಾಲು ತೊಳೆದು ಒಳಗೆ ಬಂದು ತಂಗಿಯ ಎಲೆಯ ಮುಂದೆ ನಿಂತಳು. ಕಣ್ಣೊರೆಸಿಕೊಂಡಳು. ಆಮೇಲೆ ಬಗ್ಗಿ ನೋಡಿದಳು.

"ಇದ್ಯಾರು ಇಟ್ಟಿದ್ದು, ಆಲೂಗಡ್ಡೆ?"

"ನಾನೇ ಮಾಡ್ದೆ ಅಕ್ಕ," ಎಂದ ರಂಗಯ್ಯ. "ಅವ್ಳಿಗೆ ಇಷ್ಟ ಅಂತ."

"ಯಾರಿಗೆ? ಹನುಮಂತಿಗಾ?" ಚಿಕ್ಕಗಂಗಮ್ಮ ಸೊಂಟ ನೆಟ್ಟಗೆ ಮಾಡಿದಳು. "ಅವ್ಳು ಆಲೂಗಡ್ಡೆ ಮುಟ್ತಿರ್ಲಿಲ್ಲ ಕಣಪ್ಪ. ಹುಟ್ಟಿದಾಗಿಂದ ಆಗ್ಬತ್ತಿರ್ಲಿಲ್ಲ. ಒಂದು ಚೂರು ತಿಂದ್ರೂ ಹೊಟ್ಟೆ ಉಬ್ಬರಿಸ್ಕೊಂಡು ರಾತ್ರಿಯೆಲ್ಲ ಹೊರಳಾಡೋಳು. ನಮ್ಮವ್ವ ಅವ್ಳಿಗೇಂತ ಬ್ಯಾರೆ ಸಾರು ತೆಗೆದಿಡೋಳು."

ರಂಗಯ್ಯನಿಗೆ ಮೊದಲು ಬಂದದ್ದು ಕೋಪ. "ಏನಕ್ಕ ನೀನು ಹೇಳೋದು. ಇಪ್ಪತ್ತೈದು ವರ್ಷ ಮಾಡವ್ಳೆ. ವಾರಕ್ಕೆರಡು ಸಲ!"

"ಮಾಡಿರ್ತಾಳೆ. ನೀನು ತಿಂತೀಯಲ್ಲ, ಅದಕ್ಕೆ ಮಾಡಿರ್ತಾಳೆ. ಅವ್ಳು ತಿಂದಿದ್ದು ನೀನು ಕಂಡಿದ್ದೀಯ?"

ರಂಗಯ್ಯ ಉತ್ತರ ಕೊಡಲು ಬಾಯಿ ತೆರೆದ. ಅವಳು ಬಡಿಸಿದ್ದು ನೆನಪಿತ್ತು. ಇನ್ನೊಂಚೂರು ಹಾಕ್ಲಾ ಎಂದು ಕೇಳಿದ್ದು ನೆನಪಿತ್ತು. ತಟ್ಟೆ ಎತ್ತಿಕೊಂಡು ಹೋದದ್ದು ನೆನಪಿತ್ತು. ಆಮೇಲೆ ಇವನು ಕೈ ತೊಳೆದು ಜಗಲಿಗೆ ಹೋಗಿ ಕೂರುತ್ತಿದ್ದ. ಒಳಗೆ ಅವಳು ಏನು ಉಂಡಳು, ಎಷ್ಟು ಉಂಡಳು, ಉಂಡಳೋ ಇಲ್ಲವೋ, ಒಂದು ದಿನದ್ದೂ ನೆನಪಿಗೆ ಬರಲಿಲ್ಲ. ನೋಡಿದ್ದರಲ್ಲವೇ ನೆನಪಾಗುವುದು. ಅವನು ಮಗಳ ಕಡೆಗೆ ತಿರುಗಿದ.

"ನಂಗೂ ಗೊತ್ತಿಲ್ಲಪ್ಪ," ಎಂದಳು ಮಧುಶ್ರೀ. "ನಮ್ಮದೆಲ್ಲ ಆದ್ಮೇಲೆ ಉಣ್ತೀನಿ ಅನ್ನೋಳು. ನಾನು ಎದ್ದು ಹೋಗ್ಬಿಡ್ತಿದ್ದೆ."

"ಹಂಗಾದ್ರೆ ಅವ್ಳಿಗೆ ಏನಿಷ್ಟ ಅಕ್ಕ?"

"ಮದ್ವೆಗೆ ಮುಂಚೆ ಬೋರೆಹಣ್ಣು ಅಂದ್ರೆ ಸಾಯೋಳು. ಈಗೆಲ್ಲೈತೆ ಬೋರೆಹಣ್ಣು? ಸಂಕ್ರಾಂತಿ ಆಗ್ಬೇಕು. ಆಮೇಲಿಂದು ನನ್ನ ಕೇಳಿದ್ರೆ? ನಿನ್ನ ಮನೇಲಿ ಇದ್ದಿದ್ದು ಕಣಪ್ಪ ಅವ್ಳು."

ಮುದುಕಿ ಚುಚ್ಚಬೇಕೆಂದು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದಳು. ರಂಗಯ್ಯ ಎಲೆಯ ಮುಂದೆ ಕೂತುಬಿಟ್ಟ. ದೀಪ ಉರಿಯುತ್ತಿತ್ತು. ಅಪ್ಪನ ಬೀಡಿ ಕಟ್ಟು, ಅಜ್ಜಿಯ ಸುಣ್ಣ, ಕುಡಿದು ಕುಡಿದೇ ಸತ್ತ ಚಿಕ್ಕಪ್ಪನ ಬಾಟಲಿ, ಎಲ್ಲವೂ ಅವರವರ ಎಲೆಯ ಹತ್ತಿರ ಸರಿಯಾಗಿ ಇದ್ದವು. ಕೆಂಚಯ್ಯ ಸತ್ತು ನಲವತ್ತು ವರ್ಷವಾಗಿದ್ದರೂ ಅವನಿಗೆ ಯಾವ ಬಾಟಲಿ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದನ್ನು ಪ್ರತಿ ವರ್ಷ ನೆನಪಿಟ್ಟು ತರಿಸುತ್ತಿದ್ದವಳು ಹನುಮಂತಮ್ಮ.

ರಂಗಯ್ಯ ಆಲೂಗಡ್ಡೆಯನ್ನು ಒಂದೊಂದೇ ಎತ್ತಿ ಮತ್ತೆ ಬಾಣಲೆಗೆ ಹಾಕಿದ. ಎಲೆಯ ಮುಂಭಾಗ ಖಾಲಿಯಾಯಿತು.

ಫೋನ್ ಮಾಡುವ ಯೋಚನೆ ಬಂದದ್ದು ರವಿಕಿರಣ್‌ಗೆ. ಅತ್ತೆಯ ಜೊತೆ ಆರು ವರ್ಷ ಒಂದೇ ಅಡುಗೆಮನೆಯಲ್ಲಿ ಇದ್ದವರು ಇನಾಯತ್ ಸಾಬರು, ಅವರೇನಾದರೂ ನೋಡಿರಬಹುದು ಎಂದ. ರಂಗಯ್ಯನೇ ಫೋನ್ ಮಾಡಿದ. ಈ ಸಲ ಸುಳ್ಳು ಹೇಳಲಿಲ್ಲ. ಎಡೆ ಎಂದರೆ ಏನು, ಯಾಕೆ ಆಲೂಗಡ್ಡೆ ಕಲಿಯಲು ಬಂದಿದ್ದೆ, ಈಗ ಏನಾಗಿದೆ, ಎಲ್ಲ ಹೇಳಿದ.

"ಅಯ್ಯೋ ರಂಗಣ್ಣ," ಎಂದರು ಸಾಬರು. "ಮೊನ್ನೇನೇ ಹೇಳಿದ್ರೆ ಆಗ್ತಿರ್ಲಿಲ್ವಾ. ಹನುಮಕ್ಕ ಆಲೂಗಡ್ಡೆಗೆ ಉಪ್ಪು ಸಾಕಾ ಅಂತ ಕೂಡ ನನ್ನ ಕೈಲೇ ನೋಡಿಸ್ತಿದ್ರು. ಅವ್ರಿಗೆ ಇಷ್ಟ ಆಗಿದ್ದು ಬ್ರೆಡ್ಡು. ಬ್ರೆಡ್ಡಿನ ಎರಡು ತುದೀಲಿ ದಪ್ಪ ತುಂಡು ಇರುತ್ತಲ್ಲ, ಅದು. ದಪ್ಪಗೆ ಬೆಣ್ಣೆ ಸವರಿ, ತವೆ ಮೇಲೆ ಕೆಂಪಗೆ ಮಾಡಿ, ಬಿಸಿ ಇರೋವಾಗ್ಲೇ ಸಕ್ರೆ ಉದುರಿಸ್ಬೇಕು. ಸಾಹೇಬ್ರುಗಳ ಊಟ ಮುಗಿದ್ಮೇಲೆ, ಮೂರು ಗಂಟೇಲಿ, ಅದು ಎರಡು ತುಂಡು, ಒಂದು ದೊಡ್ಡ ಲೋಟ ಟೀ. ಕಿಟಕಿ ಹತ್ರ ಸ್ಟೂಲ್ ಹಾಕ್ಕೊಂಡು ಕೂತು ನಿಧಾನಕ್ಕೆ ತಿನ್ನೋರು. ಅರ್ಧ ಗಂಟೆ. ಆವಾಗ ಯಾರೂ ಕರೆಯಂಗಿಲ್ಲ, ಅಷ್ಟು ಖುಷಿ ಅವ್ರಿಗೆ."

"ನಿಮಗೆ ಹೆಂಗೆ ಗೊತ್ತಾಯ್ತು ಸಾಬ್ರೇ, ಅವ್ಳಿಗೆ ಅದಿಷ್ಟ ಅಂತ?"

ಸಾಬರಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಕೇಳಿದೆ ರಂಗಣ್ಣ. ಕೆಲಸಕ್ಕೆ ಬಂದ ಮೊದಲ್ನೇ ದಿನ ಕೇಳಿದೆ, ನಿಂಗೇನಿಷ್ಟಮ್ಮ ಅಂತ. ಹಸ್ಕೊಂಡು ಕೆಲಸ ಮಾಡೋಕ್ಕಾಗುತ್ತಾ?"

ರವಿಕಿರಣ್ ಬೈಕು ತೆಗೆದುಕೊಂಡು ಅಮ್ಮಸಂದ್ರಕ್ಕೆ ಹೋಗಿ ಹೋಳು ಮಾಡದ ಬ್ರೆಡ್ಡು ತಂದ. ರಂಗಯ್ಯ ಎರಡು ತುದಿಯನ್ನೂ ದಪ್ಪಗೆ ಕೊಯ್ದ. ಬೆಣ್ಣೆ ಸವರಿ ತವೆಯ ಮೇಲೆ ಕೆಂಪಗೆ ಮಾಡಿದ, ಸಕ್ಕರೆ ಉದುರಿಸಿದ. ಮಧುಶ್ರೀ ಟೀ ಕಾಯಿಸಿದಳು. ಕಡುಬು ವಡೆಗಳ ಮುಂದೆ, ಆಲೂಗಡ್ಡೆ ಇದ್ದ ಜಾಗದಲ್ಲಿ ಆ ಎರಡು ತುಂಡುಗಳನ್ನು ಇಟ್ಟು, ಪಕ್ಕದಲ್ಲಿ ದೊಡ್ಡ ಲೋಟ ಇಟ್ಟ. ಬ್ರೆಡ್ಡನ್ನು ಯಾರಾದರೂ ಎಡೆಗೆ ಇಡುತ್ತಾರೆಯೇ ಎಂದು ಚಿಕ್ಕಗಂಗಮ್ಮ ಕೇಳಲಿಲ್ಲ. ಸೆರಗಿನಿಂದ ನೊಣ ಓಡಿಸುತ್ತಾ ನಿಂತಿದ್ದಳು. ಸಾಂಬ್ರಾಣಿ ಹಾಕಿ ಎಲ್ಲರೂ ಅಡ್ಡಬಿದ್ದು ಹೊರಗೆ ಬಂದರು. ರಂಗಯ್ಯ ಕೊನೆಯಲ್ಲಿ ಬಂದು ಬಾಗಿಲು ಎಳೆದುಕೊಂಡ. ಆಗಷ್ಟೇ ಮೂರು ಗಂಟೆ ದಾಟಿತ್ತು.

ಒಳಗೆ ಹಿರಿಯರು ಉಣ್ಣುವಷ್ಟು ಹೊತ್ತು ಜಗಲಿಯಲ್ಲಿ ಯಾರೂ ಮಾತಾಡುವಂತಿಲ್ಲ. ನಾಲ್ಕು ಜನವೂ ಗೋಡೆಗೆ ಒರಗಿ ಕೂತರು. ಎದುರಿನ ತೋಟದಲ್ಲಿ ಯಾರೋ ಕಾಯಿ ಕೆಡವುತ್ತಿದ್ದರು. ಮಧುಶ್ರೀ ಬೆಳಗಿನ ನಾಲ್ಕರಿಂದ ನಿಂತಿದ್ದವಳು ಈಗ ಕಾಲು ಚಾಚಿ, ಹಿಮ್ಮಡಿ ತಿಕ್ಕಿಕೊಳ್ಳುತ್ತಿದ್ದಳು. ರಂಗಯ್ಯ ಅವಳನ್ನು ನೋಡಿದ. ಒಂದು ವರ್ಷದಿಂದ ಇವಳ ಕೈಯಲ್ಲಿ ಉಣ್ಣುತ್ತಿದ್ದೇನೆ ಎಂದುಕೊಂಡ. ಇವಳು ಯಾವಾಗ ಉಣ್ಣುತ್ತಾಳೆ ಎಂದು ನೆನಪು ಮಾಡಿಕೊಳ್ಳಲು ನೋಡಿದ. ಆಗಲಿಲ್ಲ.

"ಮಧು," ಎಂದ. ಮಾತಾಡಬಾರದು ಎಂದು ಚಿಕ್ಕಗಂಗಮ್ಮ ಕೈಸನ್ನೆ ಮಾಡಿದಳು. ಅವನು ನಿಲ್ಲಿಸಲಿಲ್ಲ. "ನಿಂಗೇನಮ್ಮ ಇಷ್ಟ?"

"ಏನಪ್ಪ?"

"ತಿನ್ನಾಕೆ. ನಿಂಗೆ ಏನಿಷ್ಟ?"

ಎಂಥಾ ಪ್ರಶ್ನೆ ಎನ್ನುವ ಹಾಗೆ ಮಧುಶ್ರೀ ನಕ್ಕು, ಹೇಳಲು ಬಾಯಿ ತೆರೆದಳು. ಗಂಡನಿಗೆ ಅವರೆಕಾಳಿನ ಉಪ್ಪಿಟ್ಟು, ಅಪ್ಪನಿಗೆ ಮೆತ್ತನೆ ಮುದ್ದೆ, ದೊಡ್ಡಮ್ಮ ಬಂದರೆ ಖಾರ ಕಮ್ಮಿ ಸಾರು, ಇವೆಲ್ಲ ಅವಳಿಗೆ ಬಾಯಿಪಾಠ. ಬಾಯಿ ತೆರೆದದ್ದು ಹಾಗೇ ನಿಂತಿತು.

"ನಂದೇನು ಬುಡಪ್ಪ. ಏನಿದ್ರೂ ಆಗುತ್ತೆ."

"ಹಂಗನ್ಬೇಡ ಕಣವ್ವ. ಯೋಚ್ನೆ ಮಾಡಿ ಹೇಳು."

ರವಿಕಿರಣ್ ತಲೆ ತಗ್ಗಿಸಿ ತನ್ನ ಕಾಲಿನ ಉಗುರು ನೋಡುತ್ತಿದ್ದ. ಮಧುಶ್ರೀ ಮುಚ್ಚಿದ ಬಾಗಿಲನ್ನು ನೋಡುತ್ತಾ ನಿಜವಾಗಿಯೂ ಯೋಚಿಸಿದಳು. ಬಹಳ ಹೊತ್ತು ಯೋಚಿಸಿದಳು.

"ಗೊತ್ತಾಗ್ತಿಲ್ಲ ಕಣಪ್ಪ," ಎಂದಳು.

ಬಾಗಿಲು ತೆಗೆಯುವ ಹೊತ್ತು ಮೀರಿತ್ತು. ಜಗಲಿಯಿಂದ ಯಾರೂ ಏಳಲಿಲ್ಲ.